ಬೀಜಗಣಿತದ ಬೆಟ್ಟಗಳು

1895ನೆಯ ಇಸವಿಯಲ್ಲಿ ನ್ಯೂಯಾರ್ಕಿನ ಬಳಿಯ ಕೋನಿ ಐಲೆಂಡ್ ಎಂಬ ಕಡಲತೀರದಲ್ಲಿ ಪಾಲ್ ಬಾಯ್ಟನ್ ಎಂಬ ಸಾಹಸಿ ಈಜುಗಾರನು ಒಂದು ವಿಹಾರೋದ್ಯಾನವನ್ನು ತೆರೆದನು. ಅಲ್ಲಿಗೆ ಬಂದ ಜನರ ಕಣ್ಣನ್ನು ಮೊದಲು ಸೆಳೆದುದು ಒಂದು ವಿಚಿತ್ರವಾದ ರೈಲುಹಾದಿ. ಎತ್ತರದಿಂದ ಇಳಿದು ಬಂದ ಹಳಿಗಳು ನೆಲದ ಬಳಿ ಒಮ್ಮೆ ಮೇಲಕ್ಕೆದ್ದು, ನಿಲ್ಲಿಸಿದ ಬಳೆಯಂತೆ ಪೂರ್ತಿ ಒಂದು ಸುತ್ತು ಸುತ್ತಿ, ಮತ್ತೆ ನೆಲಕ್ಕೆ ಬಂದು ಮುಂದೆ ಸಾಗುತ್ತಿದ್ದವು. ಬಳೆಯ ವ್ಯಾಸ ಸುಮಾರು 25 ಅಡಿ. ಅದನ್ನು ರೂಪಿಸಿದವನು ಲೀನಾ ಬೀಚರ್. ಹೆಸರು ಹೆಂಗಸಿನದೆಂದು ತೋರಿದರೂ ಆತ ಗಂಡಸು. ಹಾದಿಗೆ ಫ್ಲಿಪ್ ಫ್ಲಾಪ್ ರೈಲ್ವೆ ಎಂದು ಹೆಸರು.

ಬಂಡಿ ಬಳೆಯ ನೆತ್ತಿಯಲ್ಲಿ ತಲೆಕೆಳಗಾದಾಗ ಒಳಗಿನವರು ಉದುರಿ ಬೀಳುವರೆಂದು ನೋಡುವವರು ಉಸಿರು ಬಿಗಿಹಿಡಿಯುತ್ತಿದ್ದರು. ಆದರೆ ಏರಿ ಇಳಿದವರು ದೂರಿದ್ದು ನೆತ್ತಿಯನ್ನಲ್ಲ. ಅವರ ಕೈ ಹೋಗುತ್ತಿದ್ದುದು ತಮ್ಮ ಕುತ್ತಿಗೆಗೆ, ಬೆನ್ನಿಗೆ. ಭಯ ಇದ್ದುದು ಮೇಲೆ, ನೋವು ಇದ್ದುದು ಕೆಳಗೆ. ಬಂಡಿ ನೇರವಾದ ಹಳಿಯಿಂದ ಬಳೆಯೊಳಕ್ಕೆ ಕಾಲಿಟ್ಟ ಆ ಒಂದು ಗಳಿಗೆಯಲ್ಲಿಯೇ ಪೆಟ್ಟು ಬೀಳುತ್ತಿತ್ತು.

ಇದಕ್ಕೆ ಬೀಚರನ ಬಡಗಿಗಳು ಕಾರಣರಲ್ಲ, ಮರವೂ ಕಾರಣವಲ್ಲ. ದೋಷವಿದ್ದುದು ಆಕೃತಿಯಲ್ಲಿ. ವೃತ್ತವೆಂದರೆ ಆಕೃತಿಗಳಲ್ಲೆಲ್ಲ ಪರಿಪೂರ್ಣವಾದುದೆಂದು ಹಿಂದಿನವರು ಹಾಡಿ ಹೊಗಳಿದ್ದಾರೆ. ಆದರೆ ಲೆಕ್ಕ ಬೇರೆಯೇ ಮಾತನ್ನು ಹೇಳುತ್ತದೆ. ನೆತ್ತಿಯಲ್ಲಿ ಬಂಡಿ ಹಳಿಯನ್ನು ಬಿಟ್ಟು ಬೀಳದಿರಬೇಕಾದರೆ ಅದಕ್ಕೆ ಅಲ್ಲಿ ಇಷ್ಟಾದರೂ ವೇಗವಿರಬೇಕೆಂಬ ಕಟ್ಟಳೆಯುಂಟು. ನೆತ್ತಿಯಲ್ಲಿ ಅಷ್ಟು ವೇಗವಿರಬೇಕಾದರೆ ತಳದಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚಿರಬೇಕು. ಏರುವಾಗ ವೇಗ ಕರಗುತ್ತದಷ್ಟೆ. ತಿಕ್ಕಾಟವನ್ನು ಬಿಟ್ಟು ಲೆಕ್ಕ ಹಾಕಿದರೆ, ಬಳೆಯ ತಳದಲ್ಲಿ ಕುಳಿತವನಿಗೆ ತನ್ನ ತೂಕ ಕನಿಷ್ಠಪಕ್ಷ ಆರು ಪಟ್ಟಾದಂತೆ ಅನ್ನಿಸುತ್ತದೆ. ಇದರಲ್ಲಿ ಬೆರಗಿನ ಸಂಗತಿಯೊಂದಿದೆ: ಬಳೆ 25 ಅಡಿಯದಿರಲಿ, 250 ಅಡಿಯದಿರಲಿ, ಈ ಆರು ಎಂಬ ಅಂಕೆ ಬದಲಾಗುವುದಿಲ್ಲ. ವೃತ್ತವನ್ನು ದೊಡ್ಡದು ಮಾಡಿ ಪಾರಾಗುವಂತಿಲ್ಲ. ಫ್ಲಿಪ್ ಫ್ಲಾಪಿನಲ್ಲಿ ಅದು ಹನ್ನೆರಡು ಪಟ್ಟಿನವರೆಗೂ ಏರುತ್ತಿತ್ತೆಂದು ಹೇಳುವುದುಂಟು. ಅಷ್ಟಿಲ್ಲದೆ ಬರಿಯ ಆರೇ ಆಗಿದ್ದರೂ ಐವತ್ತು ಕಿಲೋ ತೂಕದ ಮನುಷ್ಯ ಒಮ್ಮೆಲೇ ಮುನ್ನೂರು ಕಿಲೋ ಆದಂತೆ. ಕುತ್ತಿಗೆ ತಲೆಯನ್ನು ಹೊರುವುದಕ್ಕಾಗಿ ಇರುವುದು ನಿಜ. ಆದರೆ ಅದು ಆರು ತಲೆಗಳನ್ನು ಹೊರಲು ಹುಟ್ಟಿದುದಲ್ಲ.

ಬೆಟ್ಟದಿಂದ ಜಾರುವ ಸುಖವಾದರೋ ಬಹಳ ಹಳೆಯದು. ರಷ್ಯದ ಜನ ಚಳಿಗಾಲದಲ್ಲಿ ಮರದ ಅಟ್ಟಣೆಗಳನ್ನು ಕಟ್ಟಿ, ಮೇಲೆ ನೀರೆರೆದು ಮಂಜುಗಟ್ಟಿಸಿ ಜಾರುತ್ತಿದ್ದರು. ಪ್ಯಾರಿಸ್ಸಿನವರು 1817ರಲ್ಲಿ ಅದಕ್ಕೆ ಗಾಲಿಗಳನ್ನು ಹಾಕಿ, 'ರಷ್ಯದ ಬೆಟ್ಟಗಳು' ಎಂದೇ ಕರೆದು ಬೇಸಗೆಯಲ್ಲಿಯೂ ಜಾರಿದರು. ಅಮೆರಿಕದಲ್ಲಿ 1884ರಲ್ಲಿ ಲಾಮಾರ್ಕಸ್ ಥಾಂಪ್ಸನ್ ಎಂಬಾತ ಇದೇ ಕೋನಿ ಐಲೆಂಡಿನಲ್ಲಿ ಒಂದು ಹಾದಿಯನ್ನು ಕಟ್ಟಿ ತಲೆಗೆ ಐದು ಸೆಂಟುಗಳಂತೆ ವಸೂಲು ಮಾಡಿದನು. ಅವನ ಬಂಡಿಯ ವೇಗ ಗಂಟೆಗೆ ಸುಮಾರು ಆರು ಮೈಲಿ. ಎತ್ತಿನ ಬಂಡಿಯನ್ನು ಹುರುಪಿನಿಂದ ಹೊಡೆದರೆ ಹಿಂದಿಕ್ಕಬಹುದು. ಅಂತಹ ವೇಗದಲ್ಲಿ ಹಳಿಯ ಆಕೃತಿ ಹೇಗಿದ್ದರೂ ನಡೆಯುತ್ತದೆ. ಬಡಗಿಯ ಕಣ್ಣಳತೆಯೇ ಸಾಕು. ವೇಗ ಹೆಚ್ಚಿದಾಗ ಮಾತ್ರ ಕಣ್ಣಳತೆ ಕೈಕೊಡುತ್ತದೆ. ಏಕೆಂದರೆ ದೇಹಕ್ಕೆ ತಗಲುವ ಒತ್ತಡವು ವೇಗದ ಜೊತೆಯಲ್ಲಲ್ಲ, ವೇಗದ ವರ್ಗದ ಜೊತೆಯಲ್ಲಿ ಏರುತ್ತದೆ. ವೇಗ ಮೂರು ಪಟ್ಟಾದರೆ ಅದೇ ತಿರುವಿನಲ್ಲಿ ಒತ್ತಡ ಒಂಬತ್ತು ಪಟ್ಟು. ಆಗ ಬಡಗಿಯು ಬೀಜಗಣಿತದವನ ಮನೆಯ ಬಾಗಿಲನ್ನು ತಟ್ಟಬೇಕಾಗುತ್ತದೆ.

ಬೀಜಗಣಿತದವನ ಕೈಯಲ್ಲಿರುವ ಉಪಕರಣಕ್ಕೆ ಬಹುಪದೋಕ್ತಿ ಎಂದು ಹೆಸರು. ಹೈಸ್ಕೂಲಿನಲ್ಲಿ ಇದನ್ನು ಕಲಿತು ಪರೀಕ್ಷೆಯ ಮಾರನೆಯ ದಿನ ಮರೆಯದವರು ವಿರಳ. ಒಂದು ಅಳತೆ, ಅದರ ವರ್ಗ, ಅದರ ಘನ, ಇನ್ನೂ ಮೇಲಿನ ಘಾತಗಳು. ಒಂದೊಂದನ್ನೂ ಒಂದೊಂದು ಸಂಖ್ಯೆಯಿಂದ ಗುಣಿಸಿ ಕೂಡಿಸಿದರೆ ಅದೇ ಬಹುಪದೋಕ್ತಿ. ಗುಣಿಸುವ ಸಂಖ್ಯೆಗಳಿಗೆ ಸಹಗುಣಕಗಳೆಂದು ಹೆಸರು. ಕಾಗದದ ಮೇಲೆ ಎಳೆದಾಗ ಇದು ಏರಿಳಿಯುವ ಗೆರೆಯಾಗುತ್ತದೆ: ವರ್ಗದಲ್ಲಿ ನಿಂತರೆ ಒಂದು ಗುಡ್ಡ ಇಲ್ಲವೆ ಒಂದು ಕಣಿವೆ, ಘನಕ್ಕೆ ಹೋದರೆ ಒಂದು ಗುಡ್ಡವೂ ಒಂದು ಕಣಿವೆಯೂ ಜೊತೆಯಾಗಿ ಬರಬಹುದು. ಸಹಗುಣಕಗಳನ್ನು ತುಸು ಬದಲಾಯಿಸಿದರೆ ಗುಡ್ಡ ಎದ್ದು ನಿಲ್ಲುತ್ತದೆ, ಕಣಿವೆ ಅಗಲವಾಗುತ್ತದೆ. ಹೀಗೆ ಕೆಲವೇ ಸಂಖ್ಯೆಗಳಲ್ಲಿ ಒಂದು ಬೆಟ್ಟವನ್ನು ಬರೆದಿಡಬಹುದು.

ಒಂದು ಇಳಿಜಾರನ್ನೇ ಕಟ್ಟಿ ನೋಡೋಣ. ಎತ್ತರ 20 ಮೀಟರು. ಅದು ನೆಲದ ಮೇಲೆ ಅಡ್ಡಲಾಗಿ ಹಿಡಿಯುವ ಜಾಗ 40 ಮೀಟರು. ಎಂಜಿನಿಯರನ ಬೇಡಿಕೆಗಳು ನಾಲ್ಕು: ಮೊದಲಿಗೆ ಎತ್ತರ 20 ಇರಬೇಕು, ಕೊನೆಗೆ ಸೊನ್ನೆ ಆಗಬೇಕು, ನೆತ್ತಿಯಲ್ಲಿ ಹಳಿ ಮಟ್ಟವಾಗಿರಬೇಕು, ತಳದಲ್ಲಿಯೂ ಮಟ್ಟವಾಗಿರಬೇಕು. ನಾಲ್ಕು ಬೇಡಿಕೆಗಳನ್ನು ತೀರಿಸಲು ನಾಲ್ಕು ಸಹಗುಣಕಗಳು ಬೇಕು, ಘನ ಬಹುಪದೋಕ್ತಿಯಲ್ಲಿ ಇರುವುದು ಸರಿಯಾಗಿ ನಾಲ್ಕು. ಉತ್ತರ ಹೀಗೆ ಬರುತ್ತದೆ: ಅಡ್ಡ ದೂರದ ಎಷ್ಟನೆಯ ಭಾಗ ಸಾಗಿದೆಯೋ ಆ ಭಿನ್ನರಾಶಿಯ ವರ್ಗವನ್ನು ಮೂರರಿಂದ ಗುಣಿಸಿ, ಅದರಲ್ಲಿ ಘನದ ಎರಡರಷ್ಟನ್ನು ಕಳೆದರೆ, ಎತ್ತರದ ಎಷ್ಟನೆಯ ಭಾಗ ಇಳಿದಾಯಿತೆಂದು ತಿಳಿಯುತ್ತದೆ. ಕಾಲು ದೂರ ಸಾಗಿದಾಗ ಬಂಡಿ ಮೂರು ಮೀಟರಿಗಿಂತ ತುಸು ಹೆಚ್ಚು ಇಳಿದಿರುತ್ತದೆ; ಅರ್ಧ ದೂರದಲ್ಲಿ ಸರಿಯಾಗಿ ಹತ್ತು; ಮುಕ್ಕಾಲು ದೂರದಲ್ಲಿ ಸುಮಾರು ಹದಿನೇಳು. ಮೆಲ್ಲನೆ ತೊಡಗಿ, ನಡುವೆ ಧುಮುಕಿ, ಮೆಲ್ಲನೆ ಮುಗಿಯುವ ಈ ಗೆರೆ ಕಣ್ಣಿಗೆ ಬಹಳ ಅಂದವಾಗಿದೆ.

ಕಣ್ಣಿಗೆ ಅಂದವಾಗಿದೆ, ಆದರೆ ಕುತ್ತಿಗೆಗೆ ಅಲ್ಲ. ತಳಕ್ಕೆ ಬಂದಾಗ ಬಂಡಿಯ ವೇಗ ಸೆಕೆಂಡಿಗೆ ಹೆಚ್ಚುಕಡಮೆ 20 ಮೀಟರು, ಎಂದರೆ ಗಂಟೆಗೆ 71 ಕಿಲೋಮೀಟರು. ಆ ಕಡೆಯ ಬಿಂದುವಿನಲ್ಲಿ ಹಳಿ ಮಟ್ಟವಾಗಿರುವುದು ನಿಜ, ಆದರೆ ಅದು ಇನ್ನೂ ಬಾಗುತ್ತಲೇ ಇದೆ. ಆ ಬಾಗನ್ನು ವೇಗದ ವರ್ಗದಿಂದ ಗುಣಿಸಿದರೆ ಬರುವ ಹೆಚ್ಚುವರಿ ತೂಕ ಸರಿಯಾಗಿ ಮೂರು ಪಟ್ಟು. ಸಹಜವಾದ ಒಂದು ಪಟ್ಟನ್ನು ಸೇರಿಸಿದರೆ ನಾಲ್ಕು. ಅದಾದ ಕೂಡಲೇ ಮಟ್ಟವಾದ ನೇರ ಹಳಿ. ಅಲ್ಲಿ ಬಾಗೇ ಇಲ್ಲ. ಆದುದರಿಂದ ಕಣ್ಣು ಮಿಟುಕಿಸುವುದರೊಳಗೆ ನಾಲ್ಕು ಪಟ್ಟಿನಿಂದ ಒಂದು ಪಟ್ಟಿಗೆ ಜಿಗಿತ. ಹಳಿಯನ್ನು ಕೈಯಿಂದ ಸವರಿ ನೋಡಿದರೆ ಅಲ್ಲಿ ಮೂಲೆಯೂ ಇಲ್ಲ, ಉಬ್ಬೂ ಇಲ್ಲ. ಬೆರಳಿಗೆ ತಿಳಿಯದ ಈ ಒಡಕು ಬೆನ್ನುಮೂಳೆಗೆ ತಿಳಿಯುತ್ತದೆ. ಫ್ಲಿಪ್ ಫ್ಲಾಪಿನ ತಳದಲ್ಲಿ ಇದ್ದುದೂ ಇದೇ ಒಡಕು. ಅಲ್ಲಿ ಅದು ತೂಕವನ್ನು ಇಳಿಸುವ ಬದಲು ಏರಿಸುತ್ತಿತ್ತು.

ಭಾಷೆಯನ್ನು ಬಲ್ಲವರಿಗೆ ಇದು ಹೊಸ ವಿಷಯವೇನೂ ಅಲ್ಲ. ಮನೆ ಎಂಬ ಶಬ್ದವೂ ಅಲ್ಲಿ ಎಂಬ ಪ್ರತ್ಯಯವೂ ಎದುರುಬದುರಾದಾಗ ಎರಡು ಸ್ವರಗಳು ಡಿಕ್ಕಿ ಹೊಡೆಯುತ್ತವೆ. ಅವುಗಳ ನಡುವೆ ಹಿಂದಿನದಕ್ಕೂ ಸೇರದ, ಮುಂದಿನದಕ್ಕೂ ಸೇರದ ಒಂದು ಯಕಾರ ಬಂದು ನಿಂತು 'ಮನೆಯಲ್ಲಿ' ಎಂದು ನಾಲಿಗೆ ನುಣ್ಣಗೆ ಜಾರುವಂತೆ ಮಾಡುತ್ತದೆ. ವ್ಯಾಕರಣದವರು ಅದನ್ನು ಆಗಮಸಂಧಿ ಎಂದರು. ಹಳಿಯ ಎರಡು ತುಂಡುಗಳು ಕೂಡುವ ಕಡೆಯೂ ಒಂದು ಸಂಧಿಯೇ. ಅಲ್ಲಿ ಎತ್ತರ ಕೂಡಿದರೆ ಸಾಲದು, ಓರೆ ಕೂಡಿದರೆ ಸಾಲದು, ಬಾಗೂ ಕೂಡಬೇಕು. ಎತ್ತರ ಕೂಡದಿದ್ದರೆ ಬಂಡಿ ಹಳಿ ತಪ್ಪುತ್ತದೆ. ಓರೆ ಕೂಡದಿದ್ದರೆ ಬಂಡಿ ಮುರಿಯುತ್ತದೆ. ಬಾಗು ಕೂಡದಿದ್ದರೆ ಬಂಡಿಗೆ ಏನೂ ಆಗುವುದಿಲ್ಲ, ಒಳಗೆ ಕುಳಿತವನಿಗೆ ಆಗುತ್ತದೆ.

ಬೇಡಿಕೆಗಳು ಹೀಗೆ ನಾಲ್ಕರಿಂದ ಆರಕ್ಕೇರಿದುವು. ಆರು ಸಹಗುಣಕಗಳಿರುವುದು ಐದನೆಯ ಘಾತದ ಬಹುಪದೋಕ್ತಿಯಲ್ಲಿ. ಅದೇ 20 ಮೀಟರಿನ ಇಳಿಜಾರನ್ನು ಅದರಿಂದ ಕಟ್ಟಿದರೆ ನೆತ್ತಿಯಲ್ಲಿಯೂ ತಳದಲ್ಲಿಯೂ ಬಾಗು ತಾನಾಗಿಯೇ ಸೊನ್ನೆಗೆ ಇಳಿಯುತ್ತದೆ. ನಡುವಿನ ಇಳಿಜಾರು ಹಿಂದಿನದಕ್ಕಿಂತ ಕಡಿದು: ಮೊದಲಿನದರಲ್ಲಿ ಸುಮಾರು 37 ಡಿಗ್ರಿ ಇದ್ದುದು ಈಗ 43 ಆಗುತ್ತದೆ. ಹಾಗಿದ್ದೂ ತೂಕದ ಏರಿಕೆ ಮೂರೂವರೆ ಪಟ್ಟಿನೊಳಗೇ ನಿಲ್ಲುತ್ತದೆ, ಅದೂ ತಳಕ್ಕೆ ಮುಂಚೆಯೇ ಮುಟ್ಟಿ, ಅಲ್ಲಿಂದ ಮೆಲ್ಲಮೆಲ್ಲನೆ ಕರಗಿ, ನೇರ ಹಳಿ ಸಿಕ್ಕುವ ಹೊತ್ತಿಗೆ ಒಂದಕ್ಕೆ ಬಂದಿರುತ್ತದೆ. ಧುಮುಕು ಹೆಚ್ಚಾಯಿತು, ಪೆಟ್ಟು ಕಡಮೆಯಾಯಿತು. ಭಯಕ್ಕೂ ಅಪಾಯಕ್ಕೂ ಇರುವ ನಂಟು ಜನರು ತಿಳಿದಿರುವಷ್ಟು ಹತ್ತಿರದ್ದಲ್ಲ. ಟಿಕೆಟ್ಟಿನ ಹಣ ಕೊಟ್ಟು ಕೊಳ್ಳುವುದು ಮೊದಲನೆಯದನ್ನು ಮಾತ್ರ.

ಜೇಮ್ಸ್ ಸ್ಟುವರ್ಟ್ ಎಂಬ ಗಣಿತಜ್ಞರು ಬರೆದು, ಲೋಕದ ಅನೇಕ ಕಾಲೇಜುಗಳಲ್ಲಿ ಓದಿಸುವ ಕಲನಶಾಸ್ತ್ರದ ಪಠ್ಯಪುಸ್ತಕದಲ್ಲಿ ಇದೇ ಬಗೆಯ ಅಭ್ಯಾಸವೊಂದಿದೆ. ಒಂದು ಏರನ್ನೂ ಒಂದು ಇಳಿಜಾರನ್ನೂ ನೇರಗೆರೆಗಳಾಗಿ ಕೊಟ್ಟು, ನಡುವೆ ಗುಡ್ಡವನ್ನು ಕಟ್ಟಲು ವಿದ್ಯಾರ್ಥಿಗೆ ಹೇಳುತ್ತಾರೆ. ಮೊದಲು ವರ್ಗ ಬಹುಪದೋಕ್ತಿಯಿಂದ ಕಟ್ಟಿಸಿ, ಅದು ಏಕೆ ಸಾಲದೆಂದು ಅವನಿಗೇ ತೋರಿಸಿ, ಆಮೇಲೆ ಎರಡು ಕಡೆಗೂ ಘನದ ತುಣುಕುಗಳನ್ನು ಸೇರಿಸಿಸುತ್ತಾರೆ. ಕಲಿಸುವ ದಾರಿಯೆಂದರೆ ಇದು. ತಪ್ಪನ್ನು ಮಾಡಗೊಡದೆ ಉತ್ತರವನ್ನು ಹೇಳಿಕೊಡುವ ಮೇಷ್ಟರುಗಳು ಇದನ್ನು ಗಮನಿಸಬಹುದು.

ವರ್ಗದ ಗುಡ್ಡ ಮೂಲೆಗೆ ಬಿದ್ದಿತೆಂದು ಯಾರೂ ಮರುಗಬೇಕಾಗಿಲ್ಲ. ಅದಕ್ಕೆ ಅದರದೇ ಆದ ಗೌರವದ ಸ್ಥಾನವಿದೆ. ಎಸೆದ ಕಲ್ಲು ಗಾಳಿಯಲ್ಲಿ ಎಳೆಯುವ ಗೆರೆ ಪರವಲಯವೆಂದು ಗೆಲಿಲಿಯೊ 1638ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ತೋರಿಸಿದನು. ಅದು ಎರಡನೆಯ ಘಾತದ ಬಹುಪದೋಕ್ತಿ. ಗುಡ್ಡದ ನೆತ್ತಿಯನ್ನು ಬಂಡಿ ಸೆಕೆಂಡಿಗೆ 10 ಮೀಟರಿನಂತೆ ದಾಟುತ್ತಿದೆಯೆನ್ನಿ. ಹಳಿಯೇ ಇಲ್ಲದಿದ್ದರೆ ಒಂದು ಸೆಕೆಂಡಿನಲ್ಲಿ ಅದು 10 ಮೀಟರು ಮುಂದಕ್ಕೆ ಹೋಗಿ 4.9 ಮೀಟರು ಕೆಳಗಿಳಿದಿರುತ್ತಿತ್ತು. ಹಳಿಯನ್ನು ಅದೇ ಗೆರೆಯ ಮೇಲೆ ಹಾಸಿದರೆ ಬಂಡಿ ಹಳಿಯನ್ನು ಮುಟ್ಟಿಯೂ ಮುಟ್ಟದಂತೆ ಹೋಗುತ್ತದೆ. ಕುಳಿತವನು ಪೀಠವನ್ನು ಒತ್ತುವುದೇ ಇಲ್ಲ. ಹೊಟ್ಟೆಯಲ್ಲಿ ಚಿಟ್ಟೆ ಹಾರಿದಂತಾಗುವ ಆ ಗಳಿಗೆ ಇದೇ. ಜಾತ್ರೆಯ ತೊಟ್ಟಿಲು ನೆತ್ತಿಯಿಂದ ಇಳಿಯತೊಡಗಿದಾಗ ಇದರ ಸಣ್ಣ ರುಚಿ ಸಿಕ್ಕುತ್ತದೆ. ಪರವಲಯಕ್ಕಿಂತ ಹಳಿ ಇನ್ನೂ ಕಡಿದಾಗಿ ಇಳಿದರೆ ಬಂಡಿ ಹಳಿಯನ್ನು ಬಿಟ್ಟು ಹಾರಲು ನೋಡುತ್ತದೆ. ಅದನ್ನು ಹಿಡಿದು ನಿಲ್ಲಿಸಲೆಂದೇ ಜಾನ್ ಮಿಲ್ಲರ್ ಎಂಬ ಅಮೆರಿಕದ ಕುಶಲಿ ಹಳಿಯ ಅಡಿಯಲ್ಲಿಯೂ ಗಾಲಿಗಳನ್ನಿಟ್ಟು 1919ರಲ್ಲಿ ಹಕ್ಕುಪತ್ರವನ್ನು ಪಡೆದನು. ಆಮೇಲೆ ಬಂದ ಎತ್ತರದ ಹಾದಿಗಳೆಲ್ಲ ಆ ಕೆಳಗಾಲಿಗಳ ಋಣದಲ್ಲಿವೆ.

ಇಷ್ಟು ಹೇಳಿದ ಮೇಲೆ ಚತುರನಾದ ವಿದ್ಯಾರ್ಥಿ ಒಂದು ಪ್ರಶ್ನೆ ಕೇಳುವುದು ಸಹಜ: ತುಂಡುತುಂಡಾಗಿ ಜೋಡಿಸುವುದೇಕೆ? ಇಡೀ ಹಾದಿಯ ಮೇಲೆ ಇಪ್ಪತ್ತು ಮೂವತ್ತು ಬಿಂದುಗಳನ್ನು ಗುರುತಿಸಿ, ಎಲ್ಲವನ್ನೂ ಹಾಯುವ ಒಂದೇ ಒಂದು ದೊಡ್ಡ ಬಹುಪದೋಕ್ತಿಯನ್ನು ಬರೆದರಾಗದೆ? ಸಂಧಿಯೇ ಇರುವುದಿಲ್ಲವಲ್ಲ! ಅಂತಹ ಬಹುಪದೋಕ್ತಿ ಸಿಕ್ಕುವುದು ನಿಜ. ಆದರೆ ಕಾರ್ಲ್ ರುಂಗೆ ಎಂಬ ಜರ್ಮನ್ ಗಣಿತಜ್ಞನು 1901ರಲ್ಲಿ ಅದರ ಗುಟ್ಟನ್ನು ಬಯಲಿಗೆಳೆದನು. ನುಣುಪಾದ ಒಂದೇ ಗುಡ್ಡದ ಮೇಲೆ ಸಮದೂರದಲ್ಲಿ ಬಿಂದುಗಳನ್ನು ಆರಿಸಿಕೊಂಡು ದೊಡ್ಡ ಘಾತದ ಬಹುಪದೋಕ್ತಿಯನ್ನು ಹಾಯಿಸಿದಾಗ, ಅದು ಬಿಂದುಗಳನ್ನೇನೋ ವಿಧೇಯವಾಗಿ ಮುಟ್ಟಿತು. ಅವುಗಳ ನಡುವೆ ಮಾತ್ರ, ಅದರಲ್ಲೂ ಎರಡು ಅಂಚುಗಳ ಬಳಿ, ಹುಚ್ಚೆದ್ದು ಮೇಲೆ ಕೆಳಗೆ ಹೊಯ್ದಾಡಿತು. ಬಿಂದುಗಳನ್ನು ಹೆಚ್ಚಿಸಿದಷ್ಟೂ ಹೊಯ್ದಾಟ ಹೆಚ್ಚಿತು. ಅಂತಹ ಗೆರೆಯ ಮೇಲೆ ಹಳಿ ಹಾಕಿದರೆ ಏನಾದೀತೆಂಬುದನ್ನು ಬರೆಯಬೇಕಾಗಿಲ್ಲ.

ಆದುದರಿಂದ ಚಿಕ್ಕ ಘಾತದ ತುಂಡುಗಳೇ ಗತಿ, ಸಂಧಿಗಳಲ್ಲಿ ಎಚ್ಚರವೇ ಮದ್ದು. ಈ ಉಪಾಯ ಹಡಗು ಕಟ್ಟುವವರಿಗೆ ಗಣಿತವಿಲ್ಲದೆಯೇ ತಿಳಿದಿತ್ತು. ಅವರು ಬಳುಕುವ ಮರದ ತೆಳುಪಟ್ಟಿಯನ್ನು ಬೇಕಾದ ಬಿಂದುಗಳಲ್ಲಿ ಭಾರವಿಟ್ಟು ಹಿಡಿದು, ಅದು ತಾನಾಗಿ ತಳೆದ ಬಾಗನ್ನೇ ಹಲಗೆಗೆ ಇಳಿಸಿಕೊಳ್ಳುತ್ತಿದ್ದರು. ಆ ಪಟ್ಟಿಗೆ ಸ್ಪ್ಲೈನ್ ಎಂದು ಹೆಸರು. ತುಸುವೇ ಬಾಗಿದ ಅಂತಹ ಪಟ್ಟಿ ಎರಡೆರಡು ಬಿಂದುಗಳ ನಡುವೆ ಘನ ಬಹುಪದೋಕ್ತಿಯ ಗೆರೆಯನ್ನೇ ಹಿಡಿಯುತ್ತದೆ, ಸಂಧಿಗಳಲ್ಲಿ ಬಾಗು ಒಡೆಯದಂತೆ ನೋಡಿಕೊಳ್ಳುತ್ತದೆ. 1946ರಲ್ಲಿ ಐಸಾಕ್ ಶೋನ್‌ಬರ್ಗ್ ಎಂಬ ಗಣಿತಜ್ಞನು ಆ ಹೆಸರನ್ನೇ ಎತ್ತಿಕೊಂಡು ಶಾಸ್ತ್ರಕ್ಕೆ ತಂದನು. ಬಡಗಿಯು ಬೀಜಗಣಿತದವನ ಮನೆಗೆ ಹೋದನೆಂದು ಮೇಲೆ ಹೇಳಿತಷ್ಟೆ. ಇಲ್ಲಿ ಬೀಜಗಣಿತದವನೇ ಬಡಗಿಯ ಮನೆಗೆ ಹೋದಂತಾಯಿತು.

ಇನ್ನು ಬೀಚರನ ಬಳೆಗೆ ಹಿಂದಿರುಗಬಹುದು. ಅವನ ಹಾದಿ ಕೆಲವೇ ವರ್ಷಗಳಲ್ಲಿ ಕಣ್ಮರೆಯಾಯಿತು. 1901ರಲ್ಲಿ ಎಡ್ವಿನ್ ಪ್ರೆಸ್ಕಾಟ್ ಎಂಬಾತ ಕೋನಿ ಐಲೆಂಡಿನಲ್ಲಿಯೇ ವೃತ್ತದ ಬದಲು ಅಂಡಾಕಾರದ ಸುತ್ತನ್ನು ಕಟ್ಟಿ ಪೆಟ್ಟನ್ನು ತಗ್ಗಿಸಿದನು. ಒಮ್ಮೆಗೆ ಕೆಲವೇ ಜನ ಕೂರಬಹುದಾದ ಬಂಡಿಯಿಂದ ಹೊಟ್ಟೆ ತುಂಬಲಿಲ್ಲ. ಅದೂ ಬಹುಕಾಲ ನಿಲ್ಲಲಿಲ್ಲ. ಸುತ್ತುಹಾಕುವ ಹಾದಿಯೆಂದರೆ ಕುತ್ತಿಗೆ ಮುರಿಯುವ ಹಾದಿಯೆಂಬ ಹೆಸರು ಮಾತ್ರ ಉಳಿಯಿತು.

ಪರಿಹಾರ ಅಷ್ಟು ಹೊತ್ತಿಗಾಗಲೇ ಸಾಮಾನ್ಯ ರೈಲುಗಳ ಕೆಳಗೆ ಬಿದ್ದಿತ್ತೆಂಬುದೇ ಈ ಕಥೆಯ ವಿನೋದ. ರೈಲು ನೇರವಾದ ಹಾದಿಯಿಂದ ತಿರುವಿಗೆ ಹೊರಳುವಾಗ ನಿಂತವರು ಪಕ್ಕಕ್ಕೆ ಮುಗ್ಗರಿಸಬಾರದೆಂದು ಎಂಜಿನಿಯರುಗಳು ನೇರಕ್ಕೂ ತಿರುವಿಗೂ ನಡುವೆ ಒಂದು ಸಂಕ್ರಮಣದ ಬಾಗನ್ನು ಹಾಕುತ್ತಾರೆ. ಭಾರತೀಯ ರೈಲ್ವೆಯಲ್ಲಿ ಇದಕ್ಕೆ ಬಳಸುವುದು ಘನ ಪರವಲಯ: ನೇರಗೆರೆಯಿಂದ ಹಳಿ ಎಷ್ಟು ಸರಿಯಬೇಕೆಂಬುದು ಸಾಗಿದ ದೂರದ ಘನದಂತೆ ಏರುತ್ತದೆ. ದೂರ ಎರಡು ಪಟ್ಟಾದರೆ ಸರಿತ ಎಂಟು ಪಟ್ಟು. ಮೊದಲ ಕೆಲವು ಗಜಗಳಲ್ಲಿ ಹಳಿ ಬಾಗಿದೆಯೆಂದೇ ತಿಳಿಯದು. ಬಾಗಿಲಿನ ಬಳಿ ನಿಂತು ಕಾಫಿ ಕುಡಿಯುತ್ತಿರುವ ಪ್ರಯಾಣಿಕನ ಲೋಟ ತುಳುಕದೆ ತಿರುವು ಕಳೆದರೆ, ಹಳಿಯ ಕೆಳಗೆ ಒಂದು ಘನ ಬಹುಪದೋಕ್ತಿ ಮಲಗಿದೆಯೆಂದು ಅವನು ತಿಳಿಯಬಹುದು.

ಈ ಘನ ಪರವಲಯದ ಹಿರಿಯಣ್ಣನೊಬ್ಬನಿದ್ದಾನೆ. ಆಯ್ಲರನು 1744ರಲ್ಲಿ ಅಭ್ಯಾಸ ಮಾಡಿದ ಆ ಗೆರೆಗೆ, ಗ್ರೀಕರ ಪುರಾಣದಲ್ಲಿ ಬಾಳಿನ ನೂಲನ್ನು ನೂಲುವ ಕ್ಲೋಥೋ ದೇವಿಯ ನೆನಪಿನಿಂದ ಕ್ಲೋಥಾಯ್ಡ್ ಎಂದು ಹೆಸರು ಬಂದಿತು. ಅದರ ಲಕ್ಷಣ ಬಲು ಸರಳ: ಗೆರೆಯ ಉದ್ದಕ್ಕೂ ಎಷ್ಟು ನಡೆದರೆ ಬಾಗು ಅಷ್ಟು ಹೆಚ್ಚುತ್ತದೆ. ಎಂದರೆ ಬಾಗೇ ಮೊದಲನೆಯ ಘಾತದ ಬಹುಪದೋಕ್ತಿ, ಶಾಲೆಯ ಹುಡುಗನೂ ಬಲ್ಲ ನೇರ ಸಮೀಕರಣ. ಈ ಬಾಗನ್ನು ಎತ್ತಿ ನಿಲ್ಲಿಸಿ, ಎಡಬಲಗಳಿಂದ ಕೂಡಿಸಿದರೆ ನೀರಿನ ಹನಿಯನ್ನು ತಲೆಕೆಳಗು ಮಾಡದೆ ನಿಲ್ಲಿಸಿದಂತಹ ಸುತ್ತು ಸಿಕ್ಕುತ್ತದೆ. ತಳದಲ್ಲಿ, ವೇಗ ಹೆಚ್ಚಿರುವ ಕಡೆ, ಬಾಗು ಸೊನ್ನೆಯಿಂದ ತೊಡಗುತ್ತದೆ. ನೆತ್ತಿಯಲ್ಲಿ, ಬಂಡಿ ದಣಿದು ನಿಧಾನವಾದ ಕಡೆ, ಬಾಗು ಬಿಗಿಯಾಗುತ್ತದೆ. ಪೆಟ್ಟೂ ಇಲ್ಲ, ಬೀಳುವ ಭಯವೂ ಇಲ್ಲ.

ಜರ್ಮನಿಯ ಎಂಜಿನಿಯರ್ ವೆರ್ನರ್ ಸ್ಟೆಂಗೆಲ್ ಇದನ್ನು ಲೆಕ್ಕ ಹಾಕಿ ಕೊಟ್ಟರು. ಆಂಟನ್ ಶ್ವಾರ್ಟ್ಸ್‌ಕಾಫ್ ಉಕ್ಕಿನಲ್ಲಿ ಕಟ್ಟಿದರು. ಉಕ್ಕಿನ ಕೊಳವೆಯನ್ನು ಹಳಿಯಾಗಿ ಬಳಸುವುದು 1959ರಲ್ಲಿ ಡಿಸ್ನಿಲ್ಯಾಂಡಿನ ಮ್ಯಾಟರ್‌ಹಾರ್ನ್ ಹಾದಿಯಿಂದಲೇ ನಡೆದುಬಂದಿತ್ತು. ಮರದ ಹಲಗೆ ಒಪ್ಪದ ಬಾಗನ್ನೂ ಕೊಳವೆ ಒಪ್ಪುತ್ತದೆ. 1976ರಲ್ಲಿ ಕ್ಯಾಲಿಫೋರ್ನಿಯದ ಮ್ಯಾಜಿಕ್ ಮೌಂಟನ್ ಉದ್ಯಾನದಲ್ಲಿ ರೆವಲ್ಯೂಷನ್ ಎಂಬ ರೋಲರ್ ಕೋಸ್ಟರ್ ಜನರನ್ನು ಹೊತ್ತು ಪೂರ್ತಿ ಸುತ್ತು ಹಾಕಿದಾಗ ಬೀಚರನ ಸೋಲಿಗೆ ಎಂಬತ್ತೊಂದು ವರ್ಷ ತುಂಬಿತ್ತು.

ಸ್ಟೆಂಗೆಲ್ ಅಲ್ಲಿಗೇ ನಿಲ್ಲಲಿಲ್ಲ. ಅದುವರೆಗೆ ಗೆರೆಯನ್ನು ಹಳಿಗಾಗಿ ಎಳೆಯುತ್ತಿದ್ದರು. ಹಳಿ ನುಣುಪಾಗಿದ್ದರೂ ಬಂಡಿ ಪಕ್ಕಕ್ಕೆ ಹೊರಳಿದಾಗ ಮೇಲೆ ಕುಳಿತವನ ಎದೆಯೂ ತಲೆಯೂ ಅತ್ತಿತ್ತ ಬೀಸಿಹೋಗುತ್ತಿದ್ದುವು. ಅವರು ಗೆರೆಯನ್ನು ಪ್ರಯಾಣಿಕನ ಎದೆಯ ಮಟ್ಟದಲ್ಲಿ, ಹೃದಯವಿರುವ ಕಡೆ, ಮೊದಲು ಎಳೆದರು. ಬಹುಪದೋಕ್ತಿಯ ನುಣುಪೆಲ್ಲವೂ ಆ ಗೆರೆಗೆ. ಹಳಿಗಳನ್ನು ಅದರ ಕೆಳಗೆ, ಅದರ ಸುತ್ತ ಬಳ್ಳಿಯಂತೆ ತಿರುಚಿ ಕಟ್ಟುವುದಾಯಿತು. ಅಂತಹ ಹಾದಿಯೊಂದನ್ನು ದೂರದಿಂದ ನೋಡಿದರೆ ಹಳಿಗಳು ಕಾರಣವಿಲ್ಲದೆ ಅಡ್ಡಾದಿಡ್ಡಿಯಾಗಿ ತಿರುಚಿಕೊಂಡಿರುವಂತೆ ಕಾಣುತ್ತವೆ; ಅವುಗಳ ಮೇಲೆ ನಾಲ್ಕು ಅಡಿ ಎತ್ತರದಲ್ಲಿ, ಯಾರ ಕಣ್ಣಿಗೂ ಬೀಳದ ನುಣ್ಣನೆಯ ಗೆರೆಯೊಂದು ಗಾಳಿಯಲ್ಲಿ ಸಾಗಿರುತ್ತದೆ.